‘ನಿಂದ್ರ’ ಎಂದದ್ದು ‘ಮುಂದ’ ಎಂದು ಕೇಳಿಸಿದ ದಿನ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷದ ಮಾತು. ಮುಂಬೈಯ ಬೈಕುಲ್ಲಾದಿಂದ ಸ್ವಲ್ಪ ದೂರದಲ್ಲಿರುವ ಒಂದು ದೊಡ್ಡ ಸಾರ್ವಜನಿಕ ಆಸ್ಪತ್ರೆಯಲ್ಲಿ ನಾನು ಹಿರಿಯ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನನ್ನ ಕೆಲಸವೆಂದರೆ ತೊದಲುವ ಮಕ್ಕಳಿಗೆ ಮಾತು ಕಲಿಸುವುದು ಎಂದು ನಮ್ಮ ಬಿಲ್ಡಿಂಗಿನವರು ತಿಳಿದಿದ್ದರು. ಅಂಥ ಮಕ್ಕಳೂ ಬರುತ್ತಿದ್ದರು. ಆದರೆ ನನ್ನ ಕೋಣೆಯ ಹೊರಗಿನ ಬೆಂಚಿನಲ್ಲಿ ಹೆಚ್ಚಾಗಿ ಕೂತಿರುತ್ತಿದ್ದವರು ಬಾಯಿಯ ಇಲ್ಲವೇ ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್ ಆದವರು, ಆಗಬೇಕಾದವರು. ಅವರಿಗೆ ನುಂಗುವುದನ್ನೂ ಮಾತಾಡುವುದನ್ನೂ ಮತ್ತೆ ಕಲಿಸುವುದು ನನ್ನ ಹೊಣೆ.

ಒಂದು ಸೋಮವಾರ ಸರ್ಜರಿ ವಿಭಾಗದಿಂದ ಒಂದು ಫೈಲ್ ಬಂತು. ಸಿದ್ದಪ್ಪ, ವಯಸ್ಸು ಐವತ್ತನಾಲ್ಕು. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.) ಊರು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆ, ಇರುವುದು ಜೋಗೇಶ್ವರಿಯ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ವಠಾರದಲ್ಲಿ. ಅಲ್ಲೇ ಹತ್ತಿರದ ವರ್ಕ್‌ಶಾಪಿನಲ್ಲಿ ಡೈ ಮೇಕರ್, ಅಂದರೆ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ತಯಾರಿಸುವ ಉಕ್ಕಿನ ಅಚ್ಚುಗಳನ್ನು ಮಾಡುವವರು. ನಾಲಿಗೆಯ ಎಡ ಅಂಚಿನಲ್ಲಿ ಗಡ್ಡೆ. ನಾಲಿಗೆಯ ಮುಂಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದು, ಆ ಜಾಗಕ್ಕೆ ಮುಂಗೈಯ ಚರ್ಮ ಕೂರಿಸಿ ಹೊಲಿಯುವುದೆಂದು ಸರ್ಜನ್ ಬರೆದಿದ್ದರು. ಆಪರೇಷನ್‌ಗೆ ಎಂಟು ದಿನ ಇತ್ತು.

ಮೂವರು ಒಳಗೆ ಬಂದರು. ಸಿದ್ದಪ್ಪ, ಅವರ ಹೆಂಡತಿ ನೀಲವ್ವ, ಮಗಳು ಸವಿತಾ. ಸವಿತಾಗೆ ಇಪ್ಪತ್ತಮೂರು ವರ್ಷ. ಅಂಧೇರಿಯ ಮಾಲ್ ಒಂದರಲ್ಲಿ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೆಲಸ. ನೀಲವ್ವ ಮಗಳ ಭುಜದ ಮೇಲೆ ಒಂದು ಕೈಯಿಟ್ಟುಕೊಂಡು ನೇರವಾಗಿ ನಿಂತಿದ್ದರು, ನನ್ನ ದನಿ ಬಂದ ಕಡೆ ಮುಖ ಮಾಡಿ. ದಣಿದಿದ್ದಾರೆ, ಅದಕ್ಕೇ ಮಗಳನ್ನು ಹಿಡಿದಿದ್ದಾರೆ ಅಂದುಕೊಂಡೆ.

ನನ್ನ ಮೇಜಿನ ಮೇಲೆ ಬಾಯಿ ಮತ್ತು ಗಂಟಲಿನ ಒಂದು ಪ್ಲಾಸ್ಟಿಕ್ ಮಾದರಿ ಇತ್ತು. ಅದನ್ನು ಹಿಡಿದು ಎಲ್ಲ ಮನೆಯವರಿಗೂ ಹೇಳುವುದನ್ನೇ ಇವರಿಗೂ ಹೇಳಿದೆ. ಮಾತಿಗೆ ಬೇಕಾದ ಮೊದಲ ವಸ್ತು ಶ್ವಾಸಕೋಶದಿಂದ ಬರುವ ಗಾಳಿ. ಗಂಟಲಿನಲ್ಲಿ ಎರಡು ಧ್ವನಿತಂತುಗಳಿವೆ. ಅವು ಅದುರಿದರೆ ಗಾಳಿಗೆ ದನಿ ಬರುತ್ತದೆ, ಅದುರದಿದ್ದರೆ ಇಲ್ಲ. ಗಂಟಲಿನ ಮೇಲೆ ಬೆರಳಿಟ್ಟು ‘ಪ’ ಎಂದು, ಆಮೇಲೆ ‘ಬ’ ಎಂದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆ ಗಾಳಿಯನ್ನು ಬಾಯಿಯೊಳಗೆ ಎಲ್ಲಿ ತಡೆಯುತ್ತೇವೆ, ಹೇಗೆ ತಡೆಯುತ್ತೇವೆ ಎಂಬುದರ ಮೇಲೆ ಅಕ್ಷರ ಬದಲಾಗುತ್ತದೆ. ಪೂರ್ತಿ ತಡೆದು ಬಿಟ್ಟರೆ ‘ತ’, ಸಣ್ಣ ಸಂದು ಬಿಟ್ಟು ಉಜ್ಜಿಕೊಂಡು ಹೋಗಲು ಬಿಟ್ಟರೆ ‘ಸ’, ನಡುವೆ ಮುಚ್ಚಿ ಪಕ್ಕದಿಂದ ಬಿಟ್ಟರೆ ‘ಲ’, ಬಾಯಿ ಮುಚ್ಚಿ ಮೂಗಿನಿಂದ ಬಿಟ್ಟರೆ ‘ನ’, ‘ಮ’. ಶಾಲೆಯಲ್ಲಿ ಉರು ಹೊಡೆದ ವರ್ಣಮಾಲೆಯನ್ನು ನಮ್ಮ ಹಿರಿಯರು ಈ ಜಾಗಗಳ ಪ್ರಕಾರವೇ ಜೋಡಿಸಿದ್ದಾರೆ. ‘ಕ’ ಸಾಲು ನಾಲಿಗೆಯ ಬುಡದಲ್ಲಿ ಹುಟ್ಟುತ್ತದೆ. ‘ಚ’ ಅಂಗುಳಿನ ನಡುವೆ, ‘ಟ’ ನಾಲಿಗೆಯ ತುದಿ ಮೇಲಕ್ಕೆ ಮಡಚಿದಾಗ, ‘ತ’ ಹಲ್ಲಿನ ಹಿಂದೆ, ‘ಪ’ ತುಟಿಗಳಲ್ಲಿ. ಹಿಂದಿನಿಂದ ಮುಂದಕ್ಕೆ ಒಂದೊಂದೇ ಮೆಟ್ಟಿಲು.

ಸಿದ್ದಪ್ಪ ನೋವಿನ ಬಾಯಲ್ಲೇ ಕೇಳಿದರು. “ಹಂಗಾರ ಯಾವ್ಯಾವ ಅಕ್ಷರ ಹೋಗ್ತಾವ್ರಿ?”

ಸುಳ್ಳು ಹೇಳಲಿಲ್ಲ. ನಾಲಿಗೆಯ ಬುಡ ಉಳಿಯುವುದರಿಂದ ‘ಕ’ ಸಾಲು ಉಳಿಯುತ್ತದೆ, ತುಟಿಗಳದ್ದಾದ ‘ಪ’ ಸಾಲು ಉಳಿಯುತ್ತದೆ. ನಡುವಿನ ಮೂರು ಸಾಲುಗಳೂ ರ, ಲ, ಳ, ಸ ಕೂಡ ಕಷ್ಟವಾಗುತ್ತವೆ ಎಂದೆ. ಅವರು ಮನಸ್ಸಿನಲ್ಲೇ ಏನನ್ನೋ ಎಣಿಸುತ್ತಿರುವಂತೆ ಕಂಡಿತು. ಮೊದಲ ಕೆಲವು ತಿಂಗಳು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಬೇಕಾದ್ದನ್ನು ಬರೆದು ತೋರಿಸಿ ಎಂದು ಸೇರಿಸಿದೆ.

“ಬರದು ತೋರಿಸಿದ್ರ ನನಗ ಹೆಂಗ ತಿಳೀಬೇಕ್ರಿ ಅಕ್ಕಾರ?” ಎಂದರು ನೀಲವ್ವ. “ನನಗ ಕಣ್ಣ ಕಾಣಂಗಿಲ್ಲ.”

ಹನ್ನೆರಡು ವರ್ಷದ ಹಿಂದೆ ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋಗಿದ್ದವು. ಇಪ್ಪತ್ತು ನಿಮಿಷ ನಾನು ಪ್ಲಾಸ್ಟಿಕ್ ಮಾದರಿಯನ್ನು ಬಿಚ್ಚಿ ಜೋಡಿಸಿ ತೋರಿಸುತ್ತಿದ್ದಾಗ ಆಕೆ ಸುಮ್ಮನೆ ಕೇಳುತ್ತ ನಿಂತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರು ವಾರ ಮೂಗಿನ ನಳಿಕೆಯಿಂದ ಊಟ, ಆಮೇಲೆ ಆರು ವಾರ ರೇಡಿಯೇಷನ್. ಬಾಯಿಯ ಹುಣ್ಣು ಮಾಗುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಆ ದಿನಗಳ ಬಗ್ಗೆ ಸವಿತಾ ಒಮ್ಮೆ ಬಾಗಿಲ ಬಳಿ ನಿಂತು ಹೇಳಿದಳು. “ಮೇಡಂ, ಪಪ್ಪಾ ಕನ್ನಡಾನ ಹಿಂದಿ ಅಕ್ಷರದಾಗ ಬರೀತಾರ, ನನಗ ಕನ್ನಡ ಓದಾಕ ಬರಲ್ಲ ನಾ. ಅದನ್ನ ನಾ ಮಮ್ಮಿಗೆ ಓದಿ ಹೇಳ್ಬೇಕು. ನಾ ಡ್ಯೂಟಿಗೆ ಹೋದ್ರ ದಿನಭರ ಇಬ್ರೂ ಚುಪ್. ಹತ್ತು ಗಂಟೆ. ಏಕ್ ದಮ್ ಚುಪ್.”

ಒಂದೇ ಖೋಲಿಯ ಮನೆ. ಒಬ್ಬರಿಗೆ ಮಾತಿಲ್ಲ, ಇನ್ನೊಬ್ಬರಿಗೆ ದೃಷ್ಟಿಯಿಲ್ಲ. ಬೇರೆ ರೋಗಿಗಳು ಸನ್ನೆಯಲ್ಲೋ ಚೀಟಿಯಲ್ಲೋ ಹೇಗೋ ದಿನ ದೂಡುತ್ತಾರೆ. ಇವರಿಗೆ ಆ ದಾರಿ ಇರಲಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ನಾನು ಹಿಡಿದದ್ದು ಎಲ್ಲರಿಗೂ ಹಿಡಿಯುವ ದಾರಿಯನ್ನೇ.

ನಮ್ಮ ವೃತ್ತಿಯಲ್ಲಿ ಇಂಥ ರೋಗಿಗಳಿಗೆ ಬದಲಿ ಧ್ವನಿಗಳನ್ನು ಕಲಿಸುವ ಪದ್ಧತಿ ಇದೆ. ನಾಲಿಗೆಯ ತುದಿ ಮಾಡುತ್ತಿದ್ದ ಕೆಲಸವನ್ನು ತುಟಿಗೆ ಒಪ್ಪಿಸುವುದು. ‘ತ’ ಬದಲಿಗೆ ಕೆಳತುಟಿಯನ್ನು ಮೇಲಿನ ಹಲ್ಲಿಗೆ ಒತ್ತಿ ಬಿಡುವುದು, ‘ನ’ ಬದಲಿಗೆ ತುಟಿಗಳಿಂದ ಮೆಲ್ಲಗೆ ‘ಮ’ದಂಥ ಧ್ವನಿ ಹೊರಡಿಸುವುದು. ಸಿದ್ದಪ್ಪ ಶ್ರದ್ಧೆಯ ಶಿಷ್ಯ. ಕನ್ನಡಿ ಹಿಡಿದು ಒಂದೊಂದು ಧ್ವನಿಯನ್ನು ಇನ್ನೂರು ಸಲ ಮಾಡಿಕೊಂಡು ಬರುತ್ತಿದ್ದರು. ವಾರಕ್ಕೆರಡು ದಿನದಂತೆ ಎಂಟು ವಾರ ಕಳೆದ ಮೇಲೆ ಪರೀಕ್ಷೆ ಮಾಡಿದೆ. ಮೈಸೂರಿನಲ್ಲಿ ಓದುವಾಗ ನಾನೇ ತಯಾರಿಸಿದ್ದ ಐವತ್ತು ಪದಗಳ ಕಾರ್ಡುಗಳು. ಅವರು ಒಂದೊಂದಾಗಿ ಓದಿದರು, ನಾನು ಎದುರು ಕೂತು ಅದೇ ಪದಗಳ ಪಟ್ಟಿಯಲ್ಲಿ ಗುರುತು ಹಾಕಿದೆ. ಐವತ್ತರಲ್ಲಿ ನಲವತ್ತೊಂದು ಅರ್ಥವಾಗಿದ್ದವು. ಫೈಲಿನಲ್ಲಿ ‘ಸುಧಾರಣೆ ಬಹಳ ಚೆನ್ನಾಗಿದೆ’ ಎಂದು ಬರೆದೆ. ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಅದೇ ವಾರದ ಕೊನೆಗೆ ಸವಿತಾ ಫೋನ್ ಮಾಡಿದಳು. ಆಸ್ಪತ್ರೆಯಿಂದ ಅಪ್ಪ ಅಮ್ಮ ಇಬ್ಬರೇ ಲೋಕಲ್ ರೈಲಿನಲ್ಲಿ, ಅಂಗವಿಕಲರ ಡಬ್ಬಿಯಲ್ಲಿ ಮನೆಗೆ ಹೋಗುತ್ತಿದ್ದರಂತೆ. ಜೋಗೇಶ್ವರಿ ಸ್ಟೇಷನ್ ಬಂತು. ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ. ನೀಲವ್ವ ಬಾಗಿಲ ಕಂಬ ಹಿಡಿದು ನಿಂತಿದ್ದರು. ಸಿದ್ದಪ್ಪ ಹಿಂದಿನಿಂದ ಏನೋ ಅಂದರು. ನೀಲವ್ವ ಕಾಲು ಮುಂದಿಟ್ಟು ಇಳಿದುಬಿಟ್ಟರು. ಪ್ಲಾಟ್‌ಫಾರ್ಮಿನ ಮೇಲೆ ಮುಗ್ಗರಿಸಿ ಬಿದ್ದದ್ದರಿಂದ ಬಲ ಮಣಿಕಟ್ಟು ಮುರಿದಿತ್ತು, ಹಣೆಗೆ ನಾಲ್ಕು ಹೊಲಿಗೆ. ಒಂದು ಗೇಣು ಹಿಂದಕ್ಕೆ ಬಿದ್ದಿದ್ದರೆ ಗಾಡಿ ಮತ್ತು ಪ್ಲಾಟ್‌ಫಾರ್ಮಿನ ನಡುವಿನ ಸಂದಿಗೆ ಹೋಗುತ್ತಿದ್ದರು.

ನಾಲ್ಕು ದಿನ ಬಿಟ್ಟು ಮೂವರೂ ಬಂದರು. ನೀಲವ್ವನ ಕೈ ಪ್ಲಾಸ್ಟರಿನಲ್ಲಿತ್ತು. ಸಿದ್ದಪ್ಪ ತಲೆ ಎತ್ತಲಿಲ್ಲ. ನೋಟ್‌ಬುಕ್ ನನ್ನ ಕಡೆ ಸರಿಸಿದರು. ನನಗಾಗಿ ಕನ್ನಡ ಅಕ್ಷರದಲ್ಲೇ ಬರೆದಿದ್ದರು: “ನಾ ನಿಂದ್ರ ಅಂದೆ. ಆಕಿ ಇಳದಳು. ತಪ್ಪು ನಂದು.”

“ಅವರ ತಪ್ಪಿಲ್ರಿ,” ಎಂದರು ನೀಲವ್ವ. “ನನಗ ‘ಮುಂಬ’ ಅಂದಂಗ ಕೇಳಿಸ್ತು. ಮುಂದ ಅಂತಾರ, ಸ್ಟೇಷನ್ ಬಂತು ಅಂತ ತಿಳಕೊಂಡೆ.”

ನಾನು ಪೆನ್ಸಿಲ್ ತೆಗೆದುಕೊಂಡು ಎರಡು ಪದಗಳನ್ನೂ ಬರೆದು ನೋಡಿದೆ. ನಿಂದ್ರ. ಮುಂದ. ನಾನು ಕಲಿಸಿದ ಬದಲಿಗಳನ್ನು ಹಾಕಿದೆ. ‘ನ’ ಇದ್ದಲ್ಲಿ ‘ಮ’, ‘ದ’ ಇದ್ದಲ್ಲಿ ತುಟಿಯ ಧ್ವನಿ, ‘ರ’ ಅಂತೂ ಬರುವುದೇ ಇಲ್ಲ. ಒಂದು ‘ಮಿಂಬ’ ಆಯಿತು, ಇನ್ನೊಂದು ‘ಮುಂಬ’. ಉಳಿದದ್ದು ಇಕಾರ ಉಕಾರಗಳ ವ್ಯತ್ಯಾಸ ಮಾತ್ರ. ‘ಇ’ ಅನ್ನಲು ನಾಲಿಗೆಯ ಮುಂಭಾಗ ಮೇಲೇಳಬೇಕು, ಅವರದು ಏಳುವುದಿಲ್ಲ. ‘ನಿಲ್ಲು’ ಎಂಬ ಮಾತಿಗೂ ‘ಮುಂದೆ ಹೋಗು’ ಎಂಬ ಮಾತಿಗೂ ನಡುವಿನ ಅಂತರವನ್ನು ಅಳಿಸಿದವಳು ನಾನು. ನನ್ನ ಐವತ್ತು ಕಾರ್ಡುಗಳಲ್ಲಿ ‘ನಿಲ್ಲು’ ಇತ್ತು. ವಿಜಯಪುರ ಕಡೆಯ ಆ ಮನೆಮಂದಿ ಯಾರೂ ಹಾಗೆ ಅನ್ನುತ್ತಿರಲಿಲ್ಲ, ‘ನಿಂದ್ರ’ ಅನ್ನುತ್ತಿದ್ದರು.

ಆದರೂ ನಲವತ್ತೊಂದು ಪದ ಅರ್ಥವಾಗಿದ್ದವಲ್ಲ ಎಂದು ನಾನು ಅಂದದ್ದು ನೆನಪಿದೆ. ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ಹೇಳಿದ ಮಾತು ಅದು. ನೀಲವ್ವ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು.

“ನೀವು ಅವ್ರ ಮಾರಿ ನೋಡಕೋತ ಕೇಳ್ತೀರಿ ಅಕ್ಕಾರ. ಕೈಯಾಗ ಚೀಟಿನೂ ಇರ್ತದ. ನನಗ ಎರಡೂ ಇಲ್ಲ.”

ಮೂವತ್ತು ವರ್ಷದ ಅನುಭವ ಇದ್ದವಳಿಗೆ ಯಾವ ಮೇಲಧಿಕಾರಿಯೂ ಇಷ್ಟು ಸರಿಯಾಗಿ ತಪ್ಪನ್ನು ತೋರಿಸಿರಲಿಲ್ಲ.

ಅಂದೇ ಮತ್ತೆ ಪರೀಕ್ಷೆ ಮಾಡಿದೆವು. ನಾನೂ ನೀಲವ್ವನೂ ಗೋಡೆಯ ಕಡೆ ಮುಖ ಮಾಡಿ ಪಕ್ಕಪಕ್ಕ ಕೂತೆವು. ಸವಿತಾ ಬೇರೆ ಐವತ್ತು ಪದಗಳನ್ನು ಅಪ್ಪನ ಮೊಬೈಲಿನಲ್ಲಿ ಬರೆದು ತೋರಿಸಿದಳು. ಅವು ಯಾವುವೆಂದು ನನಗೆ ಗೊತ್ತಿರಲಿಲ್ಲ. ಸಿದ್ದಪ್ಪ ಹೇಳುತ್ತ ಹೋದರು. ನೀಲವ್ವ ಹದಿನೇಳು ಪದ ಸರಿಯಾಗಿ ಹೇಳಿದರು. ನಾನು ಹೇಳಿದ್ದು ಹದಿನಾಲ್ಕು. ಫೈಲ್ ತೆಗೆದು ಹಿಂದಿನ ವಾರದ ಸಾಲಿನ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ.

ಅಲ್ಲಿಂದ ಮುಂದೆ ಕೆಲಸದ ಕ್ರಮವೇ ಬದಲಾಯಿತು. ನಮ್ಮ ದಂತ ವಿಭಾಗದಲ್ಲಿ ಫರ್ಜಾನಾ ಎಂಬ ಯುವ ವೈದ್ಯೆ ಇದ್ದಳು, ಅವಳ ನೆರವು ಕೇಳಿದೆ. ಮೇಲಿನ ಅಂಗುಳಿಗೆ ಹೊಂದಿಕೊಳ್ಳುವ ಒಂದು ಅಕ್ರಿಲಿಕ್ ತಟ್ಟೆ ಮಾಡಿ, ಅದನ್ನು ಬೇಕಾದಲ್ಲಿ ದಪ್ಪ ಮಾಡಿಸಿದರೆ ಅಂಗುಳೇ ಕೆಳಗೆ ಇಳಿದಂತಾಗುತ್ತದೆ. ಉಳಿದ ನಾಲಿಗೆ ಮೇಲೇಳಲಾಗದಿದ್ದರೂ ತಟ್ಟೆಯನ್ನು ಮುಟ್ಟುತ್ತದೆ. ಎಲ್ಲಿ ಎಷ್ಟು ದಪ್ಪ ಬೇಕೆಂದು ತಿಳಿಯುವುದೇ ಕಷ್ಟ. ವಿದ್ಯಾರ್ಥಿಯಾಗಿದ್ದಾಗ ಧ್ವನಿಶಾಸ್ತ್ರದ ತರಗತಿಯಲ್ಲಿ ನಮ್ಮ ಅಂಗುಳಿಗೆ ಇದ್ದಿಲ ಪುಡಿ ಬಳಿದು ‘ತ’, ‘ಟ’ ಅನ್ನಿಸಿ, ಪುಡಿ ಅಳಿಸಿದ ಜಾಗವನ್ನು ಕನ್ನಡಿಯಲ್ಲಿ ನೋಡಿ ಬರೆದುಕೊಳ್ಳುತ್ತಿದ್ದೆವು. ಅದನ್ನೇ ಇಲ್ಲಿ ಮಾಡಿದೆವು. ತಟ್ಟೆಗೆ ತೆಳುವಾಗಿ ಪೇಸ್ಟ್ ಹಚ್ಚಿ ಬಾಯಿಗೆ ಹಾಕಿ, ಒಂದೇ ಒಂದು ‘ತ’ ಅನ್ನಿಸಿ ಹೊರಗೆ ತೆಗೆದು ನೋಡುವುದು.

ಮೊದಲ ಸಲ ತೆಗೆದಾಗ ಸಿದ್ದಪ್ಪ ಆ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ನೋಟ್‌ಬುಕ್ಕಿನಲ್ಲಿ ಬೇಗ ಬೇಗ ಬರೆದರು: “ನಾವೂ ಹಿಂಗ ಮಾಡತೀವಿ. ಡೈಗೆ ಬ್ಲೂ ಹಚ್ಚಿ ಮುಚ್ಚಿ ತಗದರ ಎಲ್ಲಿ ತಾಗತದ ಎಲ್ಲಿ ತಾಗಂಗಿಲ್ಲ ಗೊತ್ತಾಗತದ.” ಅಚ್ಚಿನ ಎರಡು ಭಾಗಗಳು ಸರಿಯಾಗಿ ಕೂಡುತ್ತವೆಯೇ ಎಂದು ನೋಡಲು ಅವರು ನೀಲಿ ಬಣ್ಣ ಹಚ್ಚಿ ಪರೀಕ್ಷಿಸುತ್ತಾರಂತೆ. ಮೂವತ್ತು ವರ್ಷ ಮಾಡಿದ ಕೆಲಸ. ಆಮೇಲೆ ಪೆನ್ಸಿಲಿನಿಂದ ತಟ್ಟೆಯ ಮೇಲೆ ಗುರುತು ಮಾಡಿ, ಇಲ್ಲಿ ಒಂದು ಮಿಲಿಮೀಟರ್ ಏರಿಸಿ, ಇಲ್ಲಿ ಇಳಿಸಿ ಎಂದು ಫರ್ಜಾನಾಗೆ ತೋರಿಸಿದವರು ಅವರೇ. ರೋಗಿ ಎಂಬ ಮುದುಡಿದ ಭಾವ ಆ ಗಳಿಗೆಯಲ್ಲಿ ಅವರ ಮೈಯಿಂದ ಇಳಿದು ಹೋದದ್ದನ್ನು ನಾನು ಕಂಡೆ. ನಾಲ್ಕು ಸಲ ತಟ್ಟೆಯನ್ನು ತಿದ್ದಿದೆವು.

ಸರಿಯೋ ತಪ್ಪೋ ಹೇಳುವ ಅಧಿಕಾರವನ್ನು ನೀಲವ್ವನಿಗೆ ಕೊಟ್ಟೆ. ಪುಸ್ತಕದ ಪ್ರಕಾರ ಸಿದ್ದಪ್ಪನ ‘ತ’ ಎಂದೂ ‘ತ’ ಆಗಲಿಲ್ಲ, ‘ಸ’ ಎಂದೂ ‘ಸ’ ಆಗಲಿಲ್ಲ. ನೀಲವ್ವ ಗಮನಿಸುತ್ತಿದ್ದದ್ದು ಅದನ್ನಲ್ಲ. ಇದು ಪಕ್ಕದ ಅಕ್ಷರಕ್ಕಿಂತ ಬೇರೆಯಾಗಿದೆಯೇ, ಪ್ರತಿ ಸಲ ಒಂದೇ ಥರ ಬರುತ್ತದೆಯೇ ಎಂಬ ಎರಡೇ ಪ್ರಶ್ನೆ ಅವರದು. “ಇದು ‘ಪ’ ಅಲ್ಲ, ಇದು ನಿಮ್ಮ ‘ತ’. ಹಿಂಗ ಇರ್ಲಿ, ಬದಲ ಮಾಡಬ್ಯಾಡ್ರಿ,” ಎಂದು ಗಂಡನಿಗೆ ಹೇಳುತ್ತಿದ್ದರು. ಮೂರನೆಯ ಸಲ ತಿದ್ದಿದ ತಟ್ಟೆ ಹಾಕಿದ ದಿನ ಸಿದ್ದಪ್ಪ ಕಾರ್ಡಿನಲ್ಲಿದ್ದದ್ದನ್ನು ಬಿಟ್ಟು “ನೀಲಾ” ಎಂದರು. ನನಗೆ ಸ್ಪಷ್ಟವಾಗಲಿಲ್ಲ. ನೀಲವ್ವ, “ಲ ಬಂತು,” ಎಂದರು. ಆ ದಿನ ಬೇಗ ಮುಗಿಸಿ ಮನೆಗೆ ಕಳಿಸಿದೆ.

ಆದರೂ ‘ನಿಂದ್ರ’ ಬರಲಿಲ್ಲ. ಕೋಣೆಯಲ್ಲಿ ಪರವಾಗಿಲ್ಲ, ಮೊಬೈಲಿನಲ್ಲಿ ಸ್ಟೇಷನ್ನಿನ ಗದ್ದಲ ಹಾಕಿ ಕೇಳಿದರೆ ಮತ್ತೆ ‘ಮುಂದ’ದ ಜೊತೆ ಸೇರಿಹೋಗುತ್ತಿತ್ತು. ಇನ್ನೂ ಎರಡು ವಾರ ಅಭ್ಯಾಸ ಮಾಡೋಣ ಎಂದೆ. ನೀಲವ್ವ ಬೇಡವೆಂದರು.

“ರುಕ್ ಅನ್ಲಿ ಬಿಡ್ರಿ. ಕಡೀಕ ‘ಕ್’ ಕೇಳಿದ್ರ ನಾ ನಿಂದರತೀನಿ. ಮುಂಬೈದಾಗ ಎಲ್ಲಾರೂ ಅಂತಾರ.”

‘ರ’ ಬಾರದೆ ಅದು ‘ಉಕ್’ ಎಂದಾಗುತ್ತಿತ್ತು. ಆದರೆ ಕೊನೆಯ ‘ಕ್’ ನಾಲಿಗೆಯ ಬುಡದ್ದು, ಸಿದ್ದಪ್ಪನ ಬಾಯಲ್ಲಿ ಗಟ್ಟಿಯಾಗಿ ಉಳಿದಿದ್ದ ಧ್ವನಿ. ಎಷ್ಟೇ ಗದ್ದಲದಲ್ಲೂ ಅದು ಬೇರೆ ಯಾವ ಪದವನ್ನೂ ಹೋಲುತ್ತಿರಲಿಲ್ಲ. ಹೀಗೆ ಮನೆಗೆ ಬೇಕಾದ ನಲವತ್ತು ಮಾತುಗಳ ಪಟ್ಟಿಯನ್ನು ಅವರಿಬ್ಬರೂ ಕೂತು ಮಾಡಿದರು. ಕೆಲವು ಕನ್ನಡ, ಕೆಲವು ಹಿಂದಿ, ಒಂದೆರಡು ಮರಾಠಿ. ಯಾವ ಪುಸ್ತಕದಲ್ಲೂ ಇಲ್ಲದ ಪಟ್ಟಿ.

ಅಪಘಾತವಾದ ಆರು ತಿಂಗಳ ನಂತರ ಮತ್ತೆ ಗೋಡೆಯ ಕಡೆ ತಿರುಗಿ ಕೂತು ಪರೀಕ್ಷೆ ಮಾಡಿದೆವು. ನೀಲವ್ವ ಐವತ್ತರಲ್ಲಿ ಮೂವತ್ತಾರು ಹೇಳಿದರು. ನಾನು ಇಪ್ಪತ್ತೆಂಟು. ಸಿದ್ದಪ್ಪ ಅರ್ಧ ದಿನದ ಮಟ್ಟಿಗೆ ವರ್ಕ್‌ಶಾಪಿಗೆ ಹೋಗತೊಡಗಿದ್ದರು. ಸಂಜೆ ಇಬ್ಬರೂ ಚಾಳಿನ ಗ್ಯಾಲರಿಯಲ್ಲಿ ಕೂತು ಮಾತಾಡುತ್ತಾರೆ, ತಾನು ಡ್ಯೂಟಿಯಿಂದ ಬರುವಾಗ ಕೆಳಗೇ ಕೇಳಿಸುತ್ತದೆ ಎಂದು ಸವಿತಾ ಹೇಳಿದಳು. ಏನು ಮಾತಾಡುತ್ತಾರೆ ಎಂದು ಕೇಳಿದ್ದಕ್ಕೆ, “ಪತಾ ನಹೀಂ ಮೇಡಂ, ಜಗಳಾನೂ ಮಾಡ್ತಾರ,” ಎಂದಳು.

ಈ ದಿನಗಳು ಐದಾರು ತಿಂಗಳು ನಡೆದವು. ಆಮೇಲೆ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಸರ್ಜನ್ ಇನ್ನು ಕತ್ತರಿಸುವುದೇನೂ ಇಲ್ಲ ಎಂದರು. ಮಾತಿಗೆ ಬೇಕಾದ ಮೊದಲ ವಸ್ತು ಗಾಳಿ ಎಂದು ನಾನೇ ಅವರಿಗೆ ಹೇಳಿದ್ದೆ. ಈಗ ಅದು ಕಡಿಮೆಯಾಗುತ್ತಿತ್ತು. ಒಂದು ಉಸಿರಿಗೆ ಎರಡು ಪದ, ಆಮೇಲೆ ಒಂದು. ನಾನು ಮಾಡಲು ಉಳಿದಿದ್ದ ಕೆಲಸ ಇಷ್ಟೇ: ಯಾವ ಪದ ಮೊದಲು ಹೇಳಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿಕೊಡುವುದು.

ಕೊನೆಯ ಸಲ ಬಂದಾಗ ಅವರು ಗಾಲಿಕುರ್ಚಿಯಲ್ಲಿದ್ದರು. ಹೊರಡುವಾಗ ನೀಲವ್ವನ ಕಡೆ ಬಾಗಿ ಏನೋ ಹೇಳಿದರು. ಮೂರೋ ನಾಲ್ಕೋ ಪದ, ನಡುವೆ ಉಸಿರು. ಆ ಬಾಯಿಯೊಳಗಿನ ಪ್ರತಿ ಮಿಲಿಮೀಟರ್ ಗೊತ್ತಿದ್ದ ನನಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ನೀಲವ್ವ “ಹೂಂ, ಆತು” ಎಂದು ಅವರ ಕೈ ಹಿಡಿದುಕೊಂಡರು. ಏನೆಂದರು ಎಂದು ನಾನು ಕೇಳಲಿಲ್ಲ. ಹದಿನೆಂಟು ದಿನಗಳ ಮೇಲೆ ಸವಿತಾಳ ಫೋನ್ ಬಂತು.

ಎರಡು ತಿಂಗಳಾದ ಮೇಲೆ ಒಂದು ಗುರುವಾರ, ತನ್ನ ರಜೆಯ ದಿನ, ಸವಿತಾ ತಾಯಿಯನ್ನು ಕರೆದುಕೊಂಡು ಬಂದಳು. ಏನಾದರೂ ಕಾಗದಪತ್ರ ಬೇಕಿರಬಹುದು ಅಂದುಕೊಂಡೆ. ನೀಲವ್ವ ಕುರ್ಚಿಯಲ್ಲಿ ಕೂತು ಹೇಳಿದರು. “ಮನ್ಯಾಗ ಕುಂತು ಏನ ಮಾಡ್ಲಿ ಅಕ್ಕಾರ? ಕೇಳೂದು ನನಗ ಬರ್ತದ. ಇಲ್ಲಿ ಯಾರಿಗಾರ ಉಪಯೋಗ ಆಗ್ತದೇನು ನೋಡ್ರಿ.”

ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆದೆ. ಸುಮಾರು ಒಂದು ವರ್ಷ, ಗುರುವಾರಗಳಲ್ಲಿ ಅವರು ನನ್ನ ಕೋಣೆಯಲ್ಲಿ ಕೂತು ಬೇರೆಯವರ ಮಾತು ಕೇಳಿದರು. ಕುರ್ಲಾದ ಒಬ್ಬ ಆಟೋ ಚಾಲಕನಿಗೆ ದವಡೆಯ ಆಪರೇಷನ್ ಆಗಿತ್ತು. ಎರಡು ತಿಂಗಳಿಂದ ಯಾರ ಜೊತೆಯೂ ಮಾತಾಡದೆ ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದ. ಮೊಬೈಲನ್ನು ನೀಲವ್ವನ ಮುಂದೆ ಹಿಡಿದ. ಅವರಿಗೆ ಕಾಣುವುದಿಲ್ಲ ಎಂದು ತಿಳಿದು ಕೈ ಹಿಂದೆ ತೆಗೆದ. ಆಮೇಲೆ ಬೇರೆ ದಾರಿಯಿಲ್ಲದೆ ಬಾಯಿ ತೆರೆದ. “ಫಿರ್ ಸೆ ಬೋಲೋ ಭೈಯಾ,” ಎಂದರು ನೀಲವ್ವ, ವಿಜಯಪುರದ ಹಿಂದಿಯಲ್ಲಿ. “ಆರಾಮ್ ಸೆ. ಹಮ್ ಸುನ್ತೆ.” ಅವನು ಮತ್ತೆ ಹೇಳಿದ. ಮೂರನೆಯ ಸಲಕ್ಕೆ ಅವರಿಗೆ ತಿಳಿಯಿತು. ತನ್ನ ಮಗಳ ಹೆಸರು ಹೇಳುತ್ತಿದ್ದನಂತೆ.

ಧ್ವನಿಗಳನ್ನು ಅವು ಹುಟ್ಟುವ ಜಾಗದಿಂದಲೂ ಹುಟ್ಟುವ ರೀತಿಯಿಂದಲೂ ವಿಂಗಡಿಸುವ ಪಟ್ಟಿಯನ್ನು ನಾನು ಈಗಲೂ ನಂಬುತ್ತೇನೆ. ಅದಿಲ್ಲದೆ ಸಿದ್ದಪ್ಪನ ತಟ್ಟೆಯನ್ನು ಮಾಡಲು ಸಾಧ್ಯವಿರಲಿಲ್ಲ. ಆದರೆ ಆ ಪಟ್ಟಿ ಹೇಳುವುದು ಬಾಯಿಯ ಕಥೆಯನ್ನು ಮಾತ್ರ. ನಿವೃತ್ತಿಗೆ ಮುಂಚಿನ ಆ ಕೊನೆಯ ವರ್ಷಗಳಲ್ಲಿ ಹೊಸ ರೋಗಿಯ ಫೈಲ್ ತೆರೆದಾಗ, ಯಾವ ಧ್ವನಿಗಳು ಹೋಗಿವೆ ಎಂದು ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಮೇಲಿನ ಸಾಲಿನಲ್ಲೇ ಬರೆದುಕೊಳ್ಳುತ್ತಿದ್ದೆ: ಮನೆಯಲ್ಲಿ ನಿಮ್ಮ ಮಾತನ್ನು ಯಾರು ಕೇಳಿಸಿಕೊಳ್ಳಬೇಕು? ಹೆಚ್ಚಿನವರು ತಟ್ಟನೆ ಒಂದು ಹೆಸರು ಹೇಳುತ್ತಿದ್ದರು. ಮುಂದಿನ ಸಲ ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ಕೆಲಸ ಶುರುಮಾಡುವುದಿಲ್ಲ ಎನ್ನುತ್ತಿದ್ದೆ.